ಗೊಣಗಪ್ಪನ ಕ್ರಿಸ್‌ಮಸ್

ನವೆಂಬರ್ ನಡುಭಾಗದಲ್ಲಿ ಅಮೆರಿಕದ ಯಾವ ಊರಿನ ಯಾವ ದೊಡ್ಡ ಅಂಗಡಿಗೆ ಹೋದರೂ ಈ ಮನುಷ್ಯ ಕಣ್ಣಿಗೆ ಬೀಳುತ್ತಾನೆ. ವಯಸ್ಸು ನಲವತ್ತೈದರ ಆಚೆ. ಬಂದದ್ದು ಒಂದು ಬಲ್ಬಿಗೆ. ಒಳಗೆ ಕಾಲಿಟ್ಟ ಕೂಡಲೇ ಮೇಲಿನ ಸ್ಪೀಕರಿನಿಂದ ಗಂಟೆ ಗೆಜ್ಜೆಗಳ ಹಾಡು ಕಿವಿಗೆ ಬಿದ್ದು ಮುಖ ಕಿವುಚಿಕೊಳ್ಳುತ್ತಾನೆ. ಪಕ್ಕದಲ್ಲಿ ಗುರುತಿನವರಿದ್ದರೆ ಸರಿ, ಇಲ್ಲದಿದ್ದರೆ ಗುರುತಿಲ್ಲದವರ ಕಡೆಗೇ ತಿರುಗಿ ತನ್ನ ವಾರ್ಷಿಕ ಭಾಷಣ ಶುರುಮಾಡುತ್ತಾನೆ. ಅದರಲ್ಲಿರುವುದು ನಾಲ್ಕೇ ಮಾತು. ಈ ವರ್ಷ ಇನ್ನೂ ಬೇಗ ಶುರುಹಚ್ಚಿಕೊಂಡಿದ್ದಾರೆ. ನಾವು ಚಿಕ್ಕವರಿದ್ದಾಗ ಹೀಗಿರಲಿಲ್ಲ. ಈಗೆಲ್ಲ ಬರೀ ವ್ಯಾಪಾರ. ಈ ಸಲ ನಾನಂತೂ ಯಾರಿಗೂ ಏನೂ ಕೊಡುವುದಿಲ್ಲ, ನನಗೂ ಯಾರೂ ಏನೂ ಕೊಡಬೇಡಿ. ಈ ನಾಲ್ಕನೆಯ ಮಾತನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ತಲೆ ಕೂಡ ಎತ್ತುವುದಿಲ್ಲ. ಯಾರು ಯಾರಿಗೆ ಏನು ಎಂದು ಪಟ್ಟಿ ಬರೆಯುತ್ತಿರುತ್ತಾಳೆ. ಇವನನ್ನು ಗೊಣಗಪ್ಪ ಎಂದು ಕರೆಯೋಣ. ಗೊಣಗಪ್ಪ ತಾನು ಕ್ರಿಸ್‌ಮಸ್ ಶಾಪಿಂಗಿನ ಕಡುವೈರಿ ಎಂದುಕೊಂಡಿದ್ದಾನೆ. ಹಳೆಯ ದಾಖಲೆಗಳನ್ನು ತಿರುವಿದರೆ ಅವನು ಅದರ ಪುರೋಹಿತನೆಂದು ತಿಳಿಯುತ್ತದೆ. ಮರ, ದೀಪ, ಕೇಕು, ಉಡುಗೊರೆಗಳ ಸಾಲಿನಲ್ಲಿ ಗೊಣಗಾಟಕ್ಕೂ ಒಂದು ಜಾಗವಿದೆ. ಅದು ಹಬ್ಬದ ಮೇಲಿನ ಟೀಕೆಯಲ್ಲ, ಹಬ್ಬದೊಳಗಿನದೇ ಒಂದು ವಿಧಿ.

ತನ್ನ ದೂರು ಈ ಕಾಲದ್ದು ಎಂಬ ಭ್ರಮೆಯಿಂದಲೇ ಶುರುಮಾಡಬೇಕು. ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ನರು 1659ರಲ್ಲೇ ಕ್ರಿಸ್‌ಮಸ್ ವಿರುದ್ಧ ಕಾನೂನು ಮಾಡಿದ್ದರು. ಡಿಸೆಂಬರ್ 25ರಂದು ಕೆಲಸಕ್ಕೆ ಹೋಗದೆ ಕೂತರೂ, ಔತಣ ಮಾಡಿದರೂ ಐದು ಶಿಲಿಂಗ್ ದಂಡ. 1681ರಲ್ಲಿ ಆ ಕಾನೂನು ಹೋಯಿತು, ಮುಖ ಗಂಟುಹಾಕುವ ಅಭ್ಯಾಸ ಉಳಿಯಿತು. ಪ್ಯೂರಿಟನ್ನರ ತಕರಾರು ಇದ್ದದ್ದು ಕುಡಿತ, ಜೂಜು, ಬೀದಿ ಗಲಾಟೆಗಳ ಮೇಲೆ ಮತ್ತು ಬೈಬಲ್ಲಿನಲ್ಲಿ ಈ ತಾರೀಕೇ ಇಲ್ಲ ಎಂಬುದರ ಮೇಲೆ. ಹಬ್ಬದ ಶಾಪಿಂಗ್ ಎಂಬುದು ಆಗ ಇರಲೇ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹಬ್ಬ ಬೀದಿಯಿಂದ ಮನೆಯೊಳಗೆ ಬಂತು, ಮಕ್ಕಳ ಸುತ್ತ ಕೂತಿತು, ಉಡುಗೊರೆ ಬೆಳೆಯಿತು. ಬೆಳೆದ ಬೆನ್ನಿಗೇ ದೂರೂ ಬಂತು. 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ಅದಕ್ಕೂ ಮುಂಚೆ, 1850ರ ಡಿಸೆಂಬರಿನಲ್ಲಿ ಒಂದು ಸಣ್ಣ ಕಥೆ ಪ್ರಕಟಿಸಿದ್ದಳು. ಅದರ ಹುಡುಗಿಗೆ ಒಂದೇ ಚಿಂತೆ: ಹಬ್ಬ ಬಂತು, ಎಲ್ಲರಿಗೂ ಏನಾದರೂ ಕೊಡಬೇಕು, ಆದರೆ ಎಲ್ಲರ ಹತ್ತಿರವೂ ಎಲ್ಲವೂ ಇದೆ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಎನ್ನುವ ಹಿರಿಯಳೂ ಅಲ್ಲಿದ್ದಾಳೆ. ಮೇಸೀಸ್ ಅಂಗಡಿ ನ್ಯೂಯಾರ್ಕಿನಲ್ಲಿ ಬಾಗಿಲು ತೆರೆದದ್ದು 1858ರಲ್ಲಿ. ಅಂದರೆ ಅಂಗಡಿಗಿಂತ ದೂರು ಎಂಟು ವರ್ಷ ದೊಡ್ಡದು. ಗೊಣಗಪ್ಪ ಹೇಳುವ ಆ 'ನಮ್ಮ ಕಾಲ' ಎಲ್ಲಿತ್ತು ಎಂದು ಹುಡುಕುತ್ತಾ ಹೋದರೆ, ಪ್ರತಿ ತಲೆಮಾರೂ ಅದನ್ನು ತನ್ನ ಹಿಂದಿನವರ ಕಡೆ ತೋರಿಸಿ ಕೈತೊಳೆದುಕೊಳ್ಳುತ್ತದೆ.

ಗೊಣಗಪ್ಪನ ಕುಲಪುರುಷ ಸ್ಕ್ರೂಜ್ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಇಂಗ್ಲೆಂಡಿನಲ್ಲಿ ಕಾದಂಬರಿಕಾರ ಡಿಕನ್ಸ್ ಆ ಜಿಪುಣನ ಕಥೆ 'ಎ ಕ್ರಿಸ್‌ಮಸ್ ಕ್ಯಾರಲ್' ಹೊರತಂದದ್ದು 1843ರ ಡಿಸೆಂಬರ್ 19ರಂದು, ಹಬ್ಬಕ್ಕೆ ಇನ್ನು ಆರು ದಿನ ಇದೆ ಎನ್ನುವಾಗ. ಕೆಂಪು ಬಟ್ಟೆಯ ರಟ್ಟು, ಹೊನ್ನಂಚು, ಬೆಲೆ ಐದು ಶಿಲಿಂಗ್. ಪ್ಯೂರಿಟನ್ನರ ದಂಡದ ಮೊತ್ತವೂ ಅಷ್ಟೇ ಇತ್ತು ಎಂಬುದು ಕಾಕತಾಳೀಯ, ಆದರೆ ಚೆನ್ನಾಗಿದೆ. ಹಬ್ಬದ ಹಿಂದಿನ ದಿನದ ಹೊತ್ತಿಗೆ ಆರು ಸಾವಿರ ಪ್ರತಿ ಖಾಲಿ. ಹಣದ ಮೋಹದ ಮೇಲೆ ಬರೆದ ಪುಸ್ತಕವೇ ಆ ವರ್ಷ ಜನ ಒಬ್ಬರಿಗೊಬ್ಬರು ಕೊಂಡು ಕೊಟ್ಟ ಉಡುಗೊರೆಗಳಲ್ಲೊಂದಾಯಿತು. ಸ್ಕ್ರೂಜ್ ಗೊಣಗಿದ, ಜೊತೆಗೆ ದುಡ್ಡನ್ನೂ ಬಿಚ್ಚಲಿಲ್ಲ. ಅದೇ ಅವನ ತಪ್ಪು, ಅದಕ್ಕೇ ಭೂತಗಳು ಬಂದದ್ದು. ಗೊಣಗಪ್ಪ ಆ ತಪ್ಪು ಮಾಡುವುದಿಲ್ಲ. ಗೊಣಗುತ್ತಲೇ ಕಾರ್ಡ್ ಉಜ್ಜುತ್ತಾನೆ. ಅವನ ಮನೆಗೆ ಬರುವುದು ಕ್ರೆಡಿಟ್ ಕಾರ್ಡಿನ ಬಿಲ್ಲು ಮಾತ್ರ, ಅದೂ ಜನವರಿಯಲ್ಲಿ.

ಅವನ ಗೊಣಗಾಟವನ್ನು ಮಾರುಕಟ್ಟೆ ಎಂದೂ ವಿರೋಧ ಎಂದು ತಿಳಿಯಲಿಲ್ಲ, ಕಚ್ಚಾಮಾಲು ಎಂದೇ ತಿಳಿಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ಲಾರೆನ್ಸ್ ಕೆಲ್ಲಿ ಎಂಬ ಸಮಾಜ ಸುಧಾರಕಿ ಡಿಸೆಂಬರಿನಲ್ಲಿ ನಡುರಾತ್ರಿಯವರೆಗೆ ಅಂಗಡಿಗಳಲ್ಲಿ ನಿಂತೇ ದುಡಿಯುವ ಹುಡುಗಿಯರ, ಪೊಟ್ಟಣ ಹೊತ್ತು ತಿರುಗುವ ಎಳೆಯ ಹುಡುಗರ ಪರವಾಗಿ ಹೋರಾಡಿದಳು. ಅವಳ ನ್ಯಾಷನಲ್ ಕನ್ಸ್ಯೂಮರ್ಸ್ ಲೀಗ್ ಗ್ರಾಹಕರಿಗೆ ಮಾಡಿದ ಮನವಿ ಸರಳವಾಗಿತ್ತು: ಕೊನೆಯ ಗಳಿಗೆಗೆ ನುಗ್ಗಬೇಡಿ, ಸ್ವಲ್ಪ ಮುಂಚಿತವಾಗಿಯೇ ಕೊಂಡುಬಿಡಿ. ಅಂಗಡಿಯವರಿಗೆ ಈ ಮನವಿ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಕರುಣೆಯ ಆ ಮಾತು ಜಾಹೀರಾತಿನ ಮಾತಾಯಿತು, ಡಿಸೆಂಬರ್ ನವೆಂಬರಿಗೆ ಸರಿಯಿತು, ನವೆಂಬರ್ ಅಕ್ಟೋಬರಿಗೆ. ಗೊಣಗಪ್ಪನ ಮೊದಲನೆಯ ಮಾತಿಗೆ, ಅಂದರೆ 'ಈ ವರ್ಷ ಇನ್ನೂ ಬೇಗ' ಎಂಬುದಕ್ಕೆ, ಒಬ್ಬ ಹೋರಾಟಗಾರ್ತಿಯ ಸದುದ್ದೇಶವೂ ಒಂದು ಕಾರಣ. 1939ರಲ್ಲಂತೂ ಸರ್ಕಾರವೇ ಕೈಜೋಡಿಸಿತು. ಆ ವರ್ಷ ನವೆಂಬರಿನಲ್ಲಿ ಐದು ಗುರುವಾರಗಳು ಬಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬ 30ನೇ ತಾರೀಕಿಗೆ ಬಿದ್ದಿತ್ತು. ಅದರ ನಂತರವೇ ಕ್ರಿಸ್‌ಮಸ್ ಖರೀದಿ ಎಂಬ ವಾಡಿಕೆಯಿದ್ದುದರಿಂದ ವ್ಯಾಪಾರಕ್ಕೆ ದಿನ ಸಾಲುವುದಿಲ್ಲವೆಂದು ದೊಡ್ಡ ಅಂಗಡಿಗಳವರು ಮೊರೆಯಿಟ್ಟರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆಳೆದು 23ಕ್ಕೆ ತಂದರು. ಸುಮಾರು ಅರ್ಧ ರಾಜ್ಯಗಳು ಒಪ್ಪಿದವು, ಉಳಿದರ್ಧ ಒಪ್ಪಲಿಲ್ಲ, ಟೆಕ್ಸಸ್ ಎರಡೂ ದಿನ ರಜೆ ಕೊಟ್ಟು ಜಾಣತನ ಮೆರೆಯಿತು. 1941ರಲ್ಲಿ ಕಾಂಗ್ರೆಸ್ಸು ನವೆಂಬರಿನ ನಾಲ್ಕನೆಯ ಗುರುವಾರ ಎಂದು ಕಾನೂನು ಮಾಡಿ ಜಗಳ ಬಿಡಿಸಿತು. ದೇಶವೆಲ್ಲ ಗೊಣಗಿತು, ಪಂಚಾಂಗ ಮಾತ್ರ ಮತ್ತೆ 30ಕ್ಕೆ ಹೋಗಲಿಲ್ಲ. ಇನ್ನು 1965ರ ಡಿಸೆಂಬರಿನಲ್ಲಿ ಟಿವಿಯಲ್ಲಿ ಬಂದ 'ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್'. ಹಬ್ಬವೆಲ್ಲ ವ್ಯಾಪಾರವಾಯಿತಲ್ಲ ಎಂದು ಕೊರಗುವ ಪುಟ್ಟ ಹುಡುಗ, ಥಳಥಳಿಸುವ ಅಲ್ಯೂಮಿನಿಯಂ ಮರಗಳನ್ನೆಲ್ಲ ಬಿಟ್ಟು ಒಣಕಲು ಗಿಡವೊಂದನ್ನು ಆರಿಸಿ ತರುವ ಕಥೆ. ಪ್ರಾಯೋಜಕರು ಕೋಕಾಕೋಲಾ. ಆ ಒಣಕಲು ಗಿಡದ ಪ್ಲಾಸ್ಟಿಕ್ ಪ್ರತಿ, ಒಂದೇ ಒಂದು ಕೆಂಪು ಗುಂಡು ನೇತುಹಾಕಿದ್ದು, ಈಗ ಪೆಟ್ಟಿಗೆಯಲ್ಲಿ ಮಾರಾಟಕ್ಕಿದೆ. ಗೊಣಗಪ್ಪನ ಮೇಜಿನ ಮೇಲೂ ಒಂದಿದೆ. ತನ್ನ ನಿಲುವನ್ನು ಸಾರಲು ಅವನೇ ಕೊಂಡದ್ದು.

ಅವನನ್ನು ಸಮಾಜಶಾಸ್ತ್ರಜ್ಞರೂ ಹತ್ತಿರದಿಂದ ನೋಡಿದ್ದಾರೆ. ಇಂಡಿಯಾನಾ ರಾಜ್ಯದ ಮನ್ಸಿ ಎಂಬ ಸಾಧಾರಣ ಊರಿನಲ್ಲಿ ಥಿಯೋಡರ್ ಕ್ಯಾಪ್ಲೋ ಮತ್ತು ಸಂಗಡಿಗರು 1978ರ ಕ್ರಿಸ್‌ಮಸ್ ಕುರಿತು 110 ಜನರನ್ನು ಕೂರಿಸಿಕೊಂಡು ಕೇಳಿದರು. ಲೆಕ್ಕಕ್ಕೆ ಬಂದ ಉಡುಗೊರೆಗಳು 4,347. ಕ್ಯಾಪ್ಲೋಗೆ ಸೋಜಿಗವಾದದ್ದು ಉಡುಗೊರೆಗಳ ಸಂಖ್ಯೆಗಿಂತ ಅವುಗಳ ಹಿಂದಿದ್ದ ಶಿಸ್ತು. ಉಡುಗೊರೆಯನ್ನು ಕಾಗದದಲ್ಲಿ ಸುತ್ತಿಯೇ ಕೊಡಬೇಕು, ಹತ್ತಿರದ ಸಂಬಂಧಕ್ಕೆ ಹೆಚ್ಚು ಬೆಲೆಯದು ದೂರದ್ದಕ್ಕೆ ಕಡಿಮೆಯದು, ಇಬ್ಬರು ಮಕ್ಕಳಿಗೆ ಸಮನಾಗಿರಬೇಕು, ಮಕ್ಕಳಿರುವ ಮನೆಯಲ್ಲಿ ಮರ ಇರಲೇಬೇಕು. ಇವುಗಳನ್ನು ಬರೆದಿಟ್ಟವರಿಲ್ಲ, ಮುರಿದರೆ ದಂಡ ಹಾಕುವವರಿಲ್ಲ, ನಿಯಮಗಳಿವೆ ಎಂದು ಒಪ್ಪಿಕೊಳ್ಳುವವರೂ ಇಲ್ಲ. ಆದರೂ ಇಡೀ ಊರು ಪಾಲಿಸುತ್ತದೆ. ಹಬ್ಬ ಹಾಳಾಯಿತು, ಖರ್ಚು ವಿಪರೀತ ಎನ್ನುವ ನಮ್ಮ ಗೊಣಗಪ್ಪನೂ ಪಾಲಿಸುತ್ತಾನೆ. 24ರ ರಾತ್ರಿ ಹನ್ನೊಂದು ಗಂಟೆಗೆ ಗೊಣಗಪ್ಪನ ಮನೆಗೆ ಇಣುಕಿದರೆ ಆ ನಿಯಮಗಳೆಲ್ಲ ಕಣ್ಣೆದುರಿಗೇ ಕಾಣುತ್ತವೆ. ಅವನು ನೆಲದ ಮೇಲೆ ಮಂಡಿಯೂರಿದ್ದಾನೆ. ಎಡಗೈ ಹೆಬ್ಬೆರಳಿಗೆ ಸೆಲ್ಲೋಟೇಪಿನ ತುಂಡು ಅಂಟಿದೆ, ಬಾಯಲ್ಲಿ ಇನ್ನೊಂದು. ಕಾಗದ ಎರಡು ಬೆರಳಷ್ಟು ಕಡಿಮೆ ಬಿದ್ದು ಡಬ್ಬದ ಒಂದು ಮೂಲೆ ಹೊರಗಿಣುಕುತ್ತಿದೆ. ಅಲ್ಲಿಗೆ ಬೇರೆ ಬಣ್ಣದ ಚೂರೊಂದನ್ನು ತೇಪೆ ಹಾಕುತ್ತಿದ್ದಾನೆ. ಈ ಬಣ್ಣದ ಕಾಗದದ ವ್ಯಾಪಾರ ಶುರುವಾದದ್ದೇ 1917ರಲ್ಲಿ, ಕ್ಯಾನ್ಸಸ್ ಸಿಟಿಯ ಹಾಲ್ ಸಹೋದರರ ಅಂಗಡಿಯಲ್ಲಿ ಮಾಮೂಲಿ ತೆಳುಕಾಗದ ಮುಗಿದುಹೋಗಿ, ಲಕೋಟೆಯ ಒಳಮೈಗೆ ಅಂಟಿಸಲು ತರಿಸಿದ್ದ ಚಿತ್ತಾರದ ಕಾಗದವನ್ನೇ ಮಾರಿದಾಗ. ಆ ಅಂಗಡಿಯೇ ಮುಂದೆ ಹಾಲ್‌ಮಾರ್ಕ್ ಕಂಪನಿ. ಸುತ್ತುವ ಕಾಗದ ಶುದ್ಧ ದಂಡ, ನಾಳೆ ಬೆಳಿಗ್ಗೆ ಹರಿದು ಬಿಸಾಡುವುದಕ್ಕೆ ಎಂದು ಗೊಣಗಪ್ಪ ಹೇಳುವುದು ನಿಜವೇ. ಆದರೆ 26ನೇ ತಾರೀಕು ಅದು ಅರ್ಧ ಬೆಲೆಗೆ ಬಂದಾಗ ಮುಂದಿನ ವರ್ಷಕ್ಕೆಂದು ಆರು ಸುರುಳಿ ತಂದು ಅಟ್ಟಕ್ಕೇರಿಸುವವನೂ ಅವನೇ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ: ಗೊಣಗಪ್ಪನ ಬೆನ್ನಿಗೆ ಅರ್ಥಶಾಸ್ತ್ರವೇ ಇದೆಯಲ್ಲ? ಇದೆ. ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಪ್ರಬಂಧ ಬರೆದರು. ವಿದ್ಯಾರ್ಥಿಗಳನ್ನು ಅವರು ಕೇಳಿದ್ದು ಇಷ್ಟು: ನಿಮಗೆ ಬಂದ ಉಡುಗೊರೆಯ ಬೆಲೆ ಎಷ್ಟಿರಬಹುದು, ನಿಮ್ಮ ಮಟ್ಟಿಗೆ ಅದು ಎಷ್ಟು ಬಾಳುತ್ತದೆ? ಎರಡರ ನಡುವಿನ ಅಂತರವೇ ನಷ್ಟ, ಅದು ಬೆಲೆಯ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಎಂದು ಲೆಕ್ಕ ಹಾಕಿದರು. ಗೆಳೆಯರು ಕೊಟ್ಟದ್ದು ಅಷ್ಟೇನೂ ಕೆಡುತ್ತಿರಲಿಲ್ಲ. ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮಂದಿರ ಆಯ್ಕೆಯಲ್ಲೇ ನಷ್ಟ ಜಾಸ್ತಿ. ಗೊಣಗಪ್ಪನಿಗೆ ಇದು ವೇದವಾಕ್ಯವಾಯಿತು. ಆದರೆ ಪ್ರಶ್ನೆಯಲ್ಲಿ ಒಂದು ಷರತ್ತಿತ್ತು: ಭಾವನೆಯ ಬೆಲೆಯನ್ನು ಪಕ್ಕಕ್ಕಿಟ್ಟು ಹೇಳಿ. ಭಾವನೆಯನ್ನು ಪಕ್ಕಕ್ಕಿಟ್ಟ ಮೇಲೆ ಅಜ್ಜಿ ಹೆಣೆದ ಸ್ವೆಟರಿನಲ್ಲಿ ಉಳಿಯುವುದು ಉಣ್ಣೆ, ಅದೂ ಅಳತೆ ತಪ್ಪಿದ್ದು. ಅದೇ ಪತ್ರಿಕೆಯಲ್ಲಿ 1996ರಲ್ಲಿ ಸಾರಾ ಸೋಲ್ನಿಕ್, ಡೇವಿಡ್ ಹೆಮೆನ್‌ವೇ ಬೇರೆ ಜನರನ್ನು, ಭಾವನೆಯನ್ನೂ ಸೇರಿಸಿ ಕೇಳಿ ನೋಡಿದರು. ಜನ ತಮಗೆ ಬಂದ ಉಡುಗೊರೆಗೆ ಕೊಟ್ಟವರು ತೆತ್ತ ದುಡ್ಡಿಗಿಂತ ಹೆಚ್ಚಿನ ಬೆಲೆ ಕಟ್ಟಿದ್ದರು. ಗೊಣಗಪ್ಪ ಈ ಎರಡನೆಯ ಲೇಖನ ಓದಿಲ್ಲ. ವಾಲ್ಡ್‌ಫೋಗೆಲ್ ತಮ್ಮ ವಾದವನ್ನು 2009ರಲ್ಲಿ ಹಬ್ಬದ ಋತುವಿಗೆ ಸರಿಯಾಗಿ ಅಂಗೈಯಗಲದ ಅಂದವಾದ ಪುಸ್ತಕ ಮಾಡಿದರು: ಯಾಕೆ ಉಡುಗೊರೆ ಕೊಳ್ಳಬಾರದು ಎಂಬ ವಿಷಯದ, ಉಡುಗೊರೆಗೆ ಹೇಳಿಮಾಡಿಸಿದ ಪುಸ್ತಕ. ಗೊಣಗಪ್ಪನಿಗೆ ಅದನ್ನು ಕೊಟ್ಟದ್ದು ಅವನ ಭಾವಮೈದುನ.

ಆ ಭಾವಮೈದುನನ ಜೊತೆ ಅವನಿಗೊಂದು ಒಪ್ಪಂದವೂ ಇದೆ. ಸುಮ್ಮನೆ ಶರ್ಟು, ಟೈ ಎಂದು ಒದ್ದಾಡುವುದು ಬೇಡ, ಗಿಫ್ಟ್ ಕಾರ್ಡ್ ಕೊಟ್ಟುಬಿಡೋಣ. ಇದು ನಷ್ಟವಿಲ್ಲದ ಪದ್ಧತಿ, ಶುದ್ಧ ತರ್ಕ. ಹಾಗಾಗಿ ಪ್ರತಿ ಡಿಸೆಂಬರ್ 25ರ ಬೆಳಿಗ್ಗೆ ಇವನು ಅವನಿಗೆ ಐವತ್ತು ಡಾಲರಿನ ಕಾರ್ಡು ಕೊಡುತ್ತಾನೆ, ಅವನು ಇವನಿಗೆ ಅದೇ ಅಂಗಡಿಯ ಐವತ್ತು ಡಾಲರಿನ ಕಾರ್ಡು ಕೊಡುತ್ತಾನೆ, ಇಬ್ಬರೂ ಲಕೋಟೆ ಬಿಚ್ಚಿ 'ಅರೆ, ಯಾಕೆ ಇದೆಲ್ಲ' ಎನ್ನುತ್ತಾರೆ. ತರ್ಕದ ಪ್ರಕಾರ ಇಬ್ಬರೂ ಅವರವರ ಕಾರ್ಡು ಅವರವರೇ ಇಟ್ಟುಕೊಂಡಿದ್ದರೆ ಲಕೋಟೆಯ ಖರ್ಚಾದರೂ ಉಳಿಯುತ್ತಿತ್ತು. ಆದರೆ ಯಾವ ಭಾವಮೈದುನನೂ ಆ ಮಾತೆತ್ತಿದ್ದಿಲ್ಲ. ವಸ್ತು ನೆಪ, ಕೈ ಬದಲಾಗುವುದೇ ಮುಖ್ಯ. ರವಿಕೆ ಕಣ ಯಾರ ಮನೆಯಿಂದ ಹೊರಟು ಯಾರ ಮನೆ ಸೇರಿತು, ಯಾರಾದರೂ ಅದನ್ನು ಹೊಲಿಸಿಕೊಂಡರೇ ಎಂದು ನಮ್ಮ ಹೆಂಗಸರು ಕೇಳದ ಹಾಗೆಯೇ, ಪರಿಮಳದ ಕ್ಯಾಂಡಲನ್ನು ಅಮೆರಿಕದಲ್ಲಿ ಯಾರಾದರೂ ಉರಿಸುತ್ತಾರೆಯೇ ಎಂದು ಕೇಳುವಂತಿಲ್ಲ. ಅದು ತಿರುಗುತ್ತಿರುತ್ತದೆ. ಒಣಹಣ್ಣಿನ ಫ್ರೂಟ್‌ಕೇಕಿನ ವಿಷಯದಲ್ಲಿ ಟಿವಿಯ ಜಾನಿ ಕಾರ್ಸನ್ ಮಾಡಿದ ತಮಾಷೆಯೂ ಅದೇ ಜಾಡಿನದು: ಪ್ರಪಂಚದಲ್ಲಿರುವುದು ಒಂದೇ ಕೇಕು, ಜನ ಅದನ್ನೇ ಒಬ್ಬರಿಂದೊಬ್ಬರಿಗೆ ಕಳಿಸುತ್ತಿದ್ದಾರೆ ಎಂದು.

ಹಾಗಾದರೆ ಎಲ್ಲ ದೂರೂ ಬರೀ ಶಾಸ್ತ್ರವೇ, ನಿಜವಾದ ನೋವೇ ಇಲ್ಲವೇ? ಇದಕ್ಕೆ ನೇರವಾಗಿ ಉತ್ತರಿಸಬೇಕು. ಇದೆ, ಆದರೆ ನೋವಿದ್ದವರು ಗೊಣಗಲಿಲ್ಲ, ಸಂಘ ಕಟ್ಟಿದರು. 1912ರಲ್ಲಿ ನ್ಯೂಯಾರ್ಕಿನ ದುಡಿಯುವ ಹೆಂಗಸರು ಕೈಲಾಗದಿದ್ದರೂ ಸಂಬಳದಲ್ಲಿ ದುಡ್ಡು ಮುರಿದು ತಮ್ಮ ಮೇಲಧಿಕಾರಿಗಳಿಗೆ ಕ್ರಿಸ್‌ಮಸ್ ಕಾಣಿಕೆ ಕೊಡಬೇಕಾಗಿತ್ತು. ಎಲಿನಾರ್ ಬೆಲ್ಮಾಂಟ್ ಮತ್ತು ಬ್ಯಾಂಕರ್ ಜೆ. ಪಿ. ಮಾರ್ಗನ್ನನ ಮಗಳು ಆ್ಯನ್ ಮಾರ್ಗನ್ ಮುಂದಾಳತ್ವದಲ್ಲಿ ಅವರು ಕಟ್ಟಿದ ಸಂಘದ ಹೆಸರು 'ನಿರುಪಯುಕ್ತ ಕೊಡುಗೆ ನಿವಾರಣಾ ಸಂಘ'. ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕೂಡ ಸದಸ್ಯರಾದರು. ಸಂಘದ ಬೇಡಿಕೆ ಹಬ್ಬ ನಿಲ್ಲಲಿ ಎಂದಲ್ಲ. ಮನಸ್ಸಿನಿಂದ ಕೊಡುವುದಿರಲಿ, ಹೆದರಿಕೆಯಿಂದ ಕೊಡುವುದು ನಿಲ್ಲಲಿ ಎಂದು. ಗೊಣಗಪ್ಪನಿಗೆ ಇಂಥ ಬೇಡಿಕೆಯೇ ಇಲ್ಲ. ಬೇಡಿಕೆ ಇರಲು ಅವನು ಮಾಡುವ ಕೆಲಸವಾದರೂ ಏನು? ಮನ್ಸಿಯ ಅಧ್ಯಯನದಲ್ಲಿ ಎದ್ದು ಕಂಡ ಇನ್ನೊಂದು ಸಂಗತಿ: ಆರಿಸುವುದು, ಕೊಳ್ಳುವುದು, ಸುತ್ತುವುದು ಬಹುಪಾಲು ಹೆಂಗಸರದೇ. ಗಂಡನ ತಾಯಿಗೆ ಶಾಲು, ಗಂಡನ ತಮ್ಮನ ಮಗನಿಗೆ ಆಟಿಕೆ, ಟೀಚರಿಗೆ ಡಬ್ಬ, ಪೇಪರ್ ಹಾಕುವವನಿಗೆ ಲಕೋಟೆ, ಎಲ್ಲ ನೆನಪಿಟ್ಟುಕೊಂಡು ಮುಗಿಸುವವಳು ಹೆಂಡತಿ. 24ರ ರಾತ್ರಿ ಗೊಣಗಪ್ಪ ಮಂಡಿಯೂರಿ ಸುತ್ತುತ್ತಿದ್ದದ್ದು ಅವಳಿಗೆಂದು ಸಂಜೆ ಐದಕ್ಕೆ ಓಡಿಹೋಗಿ ತಂದ ಒಂದೇ ಒಂದು ಡಬ್ಬ. ಕ್ರಿಸ್‌ಮಸ್ ಎಂದರೆ ಸುಸ್ತು ಎಂದು ಊರೆಲ್ಲ ಸಾರಿದವನು ಅವನು; ನಿಜವಾಗಿ ಸುಸ್ತಾದವಳಿಗೆ ಗೊಣಗಲು ಪುರುಸೊತ್ತಿರಲಿಲ್ಲ.

ಗೊಣಗಪ್ಪ ಬಿಳಿಯನೇ ಆಗಬೇಕೆಂದಿಲ್ಲ. ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೋದ ಕನ್ನಡಿಗ ಮೊದಲೆರಡು ವರ್ಷ ಡಿಸೆಂಬರನ್ನು ಬೆರಗಿನಿಂದ ನೋಡುತ್ತಾನೆ, ಬೀದಿ ಬೀದಿಯ ದೀಪಾಲಂಕಾರದ ಮುಂದೆ ನಿಂತು ಊರಿಗೆ ಫೋಟೋ ಕಳಿಸುತ್ತಾನೆ. ಆಫೀಸಿನ ಸೀಕ್ರೆಟ್ ಸ್ಯಾಂಟಾಗೆ ಮಿತಿ ಇಪ್ಪತ್ತು ಡಾಲರ್ ಎಂದರೆ ಮೂವತ್ತರದು ತರುತ್ತಾನೆ. ದೀಪಾವಳಿಗೆ ಮನೆಮುಂದೆ ಕಟ್ಟಿದ ಲೈಟಿನ ಸರವನ್ನು ಬಿಚ್ಚುವುದೇ ಇಲ್ಲ, ಅದೇ ಕ್ರಿಸ್‌ಮಸ್ಸಿಗೂ ಆಗುತ್ತದೆ. ನಾಲ್ಕಾರು ವರ್ಷ ಕಳೆಯಲಿ. ಕನ್ನಡ ಕೂಟದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನು ಪಕ್ಕದವರಿಗೆ ಹೇಳುತ್ತಾನೆ: 'ಏನ್ರೀ ಇವ್ರು, ಹ್ಯಾಲೋವೀನ್ ಕುಂಬಳಕಾಯಿ ಇನ್ನೂ ಕೊಳೆತಿಲ್ಲ, ಆಗ್ಲೇ ಕ್ರಿಸ್‌ಮಸ್ ಮರ ತಂದು ನಿಲ್ಸಿದಾರೆ! ನಾವು ಬಂದ ಹೊಸ್ತರಲ್ಲಿ ಹಿಂಗಿರ್ಲಿಲ್ಲ ಬಿಡಿ.' ಪಕ್ಕದವರು ತಲೆಯಾಡಿಸುತ್ತಾರೆ. ಪೌರತ್ವದ ಪ್ರಮಾಣಪತ್ರ ಬರುವುದು ಆಮೇಲೆ. ಮನುಷ್ಯ ಅಮೆರಿಕನ್ ಆದದ್ದು ಆ ಸಾಲಿನಲ್ಲೇ. ಮರ ನಿಲ್ಲಿಸುವುದನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕಲಿಯಬಹುದು. ಆ ಮರವನ್ನು ನೋಡಿ ನಿಟ್ಟುಸಿರು ಬಿಡಲು ಆ ದೇಶದಲ್ಲಿ ಬೇರು ಬಿಟ್ಟಿರಬೇಕು.

ಕೊನೆಗೊಂದು ಪ್ರಶ್ನೆ: ನಿಜವಾಗಿ ಬೇಡವಾದವರು ಏನು ಮಾಡುತ್ತಾರೆ? ಅವರೂ ಇದ್ದಾರೆ. ಯೆಹೋವನ ಸಾಕ್ಷಿಗಳು ಎಂಬ ಪಂಥದವರು ಕ್ರಿಸ್‌ಮಸ್ ಆಚರಿಸುವುದಿಲ್ಲ. ಮರವಿಲ್ಲ, ಉಡುಗೊರೆಯಿಲ್ಲ, ಆ ದಿನ ಅವರಿಗೆ ಎಲ್ಲ ದಿನಗಳಲ್ಲೊಂದು. ಕೆನಡಾದ ವ್ಯಾಂಕೂವರಿನಲ್ಲಿ 1992ರಲ್ಲಿ ಶುರುವಾದ 'ಏನೂ ಕೊಳ್ಳದ ದಿನ'ವನ್ನು ಪಾಲಿಸುವವರು ಆ ದಿನ ನಿಜಕ್ಕೂ ಏನೂ ಕೊಳ್ಳದೆ ಇದ್ದುಬಿಡುತ್ತಾರೆ. ಇವರ ಸಾಲಿಗೆ ನೀನೂ ಸೇರಬಹುದಲ್ಲ, ಬಾಗಿಲು ತೆರೆದೇ ಇದೆಯಲ್ಲ ಎಂದು ಗೊಣಗಪ್ಪನನ್ನು ಕೇಳಿದರೆ ಅವನು ಗಾಬರಿಯಾಗುತ್ತಾನೆ. ಮಕ್ಕಳು ಚಿಕ್ಕವರು, ಅವರಿಗೋಸ್ಕರ ಎನ್ನುತ್ತಾನೆ. ಮಕ್ಕಳು ದೊಡ್ಡವರಾದ ಮೇಲೆ, ಕಾಲೇಜಿನಿಂದ ವರ್ಷಕ್ಕೊಂದು ಸಲ ಮನೆಗೆ ಬರುತ್ತಾರೆ, ಬೋಳು ಮನೆ ತೋರಿಸುವುದಕ್ಕಾಗುತ್ತದೆಯೇ ಎನ್ನುತ್ತಾನೆ. ಅವರಿಗೂ ಮದುವೆಯಾಗಿ ಮೊಮ್ಮಗ ಹುಟ್ಟಿದ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಿದರೂ ಅವನಿಗೆ ಕೇಳಿಸುವುದಿಲ್ಲ. ಅವನು ನೆಲದ ಮೇಲೆ ಕೂತು ಆಟದ ರೈಲಿನ ಹಳಿ ಜೋಡಿಸುತ್ತಾ, ಬ್ಯಾಟರಿ ಬೇರೆ ಕೊಳ್ಳಬೇಕೆಂಬುದನ್ನು ಪೆಟ್ಟಿಗೆಯ ತಳದಲ್ಲಿ ಅಷ್ಟು ಸಣ್ಣ ಅಕ್ಷರದಲ್ಲಿ ಅಚ್ಚುಹಾಕಿದವರಿಗೆ ಶಾಪ ಹಾಕುತ್ತಾ, ಈ ಹೊತ್ತಿನಲ್ಲಿ ಯಾವ ಅಂಗಡಿ ತೆರೆದಿದ್ದೀತು ಎಂದು ಮಗನನ್ನು ವಿಚಾರಿಸುತ್ತಿರುತ್ತಾನೆ.